ಡ್ರೈವೋ, ಟ್ಯಾಲಿಯೋ: ವ್ಯಾಪಾರಿಯ ದುಡ್ಡು ಮೊದಲು ಎಲ್ಲಿಗೆ?

ಮಂಗಳೂರು ಬಂದರಿನ ರಖಂ ವ್ಯಾಪಾರಿಯೊಬ್ಬರು ಬಂಟ್ವಾಳದ ಅಂಗಡಿಗೆ ಮಸಾಲೆ ಸಾಮಾನು ಕಳಿಸಿದರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ತೆರಿಗೆ ಎರಡು ಪಾಲಾಗುತ್ತದೆ. ಅದೇ ಸಾಮಾನು ತಲಪಾಡಿ ದಾಟಿ ಮಂಜೇಶ್ವರದ ಅಂಗಡಿಗೆ ಹೋದರೆ ಅಂತರರಾಜ್ಯ ವ್ಯಾಪಾರ. ಐಜಿಎಸ್‌ಟಿ ಎಂಬ ಒಂದೇ ಸಾಲು. ಕೊಳ್ಳುವವರ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾದರೆ ಕರ್ನಾಟಕ, 32ರಿಂದ ಶುರುವಾದರೆ ಕೇರಳ. ತೆರಿಗೆ ಬೀಳುವ ಸರಕಿನ ಬೆಲೆ 50,000 ರೂಪಾಯಿ ಮೀರಿತೋ, ಲಾರಿ ಹೊರಡುವ ಮೊದಲು ಇ-ವೇ ಬಿಲ್ ಆಗಬೇಕು. ವ್ಯಾಟ್ ಕಾಲದ ಇ-ಸುಗಂ ಕಂಡವರಿಗೆ ಈ ಗಡಿಬಿಡಿ ಹೊಸತಲ್ಲ. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ ಕಡ್ಡಾಯ ಮಾಡಿದ ಮೊದಲ ರಾಜ್ಯ ಕರ್ನಾಟಕವೇ.

ಮಾರಾಟದ ಬಿಲ್ಲು ತಪ್ಪಿಲ್ಲದೆ ತಯಾರಾಗಬೇಕು. ತಯಾರಾದ ಮೇಲೆ ವರ್ಷಗಟ್ಟಲೆ ಜೋಪಾನವಾಗಿಯೂ ಇರಬೇಕು. ಈ ಎರಡು ಕೆಲಸಕ್ಕೆ ಪೇಟೆಯಲ್ಲಿ ಎರಡು ಬಗೆಯ ಸೌಲಭ್ಯಗಳಿವೆ. ಕಡತ ಇಡುವುದಕ್ಕೆ ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್; ಲೆಕ್ಕ ಬರೆಯುವುದಕ್ಕೆ ಟ್ಯಾಲಿ, ಬಿಸಿ, ಜೋಹೋ ಬುಕ್ಸ್, ವ್ಯಾಪಾರ್. ಹೊಸದಾಗಿ ಅಂಗಡಿ ಇಟ್ಟವರು ‘ಎಲ್ಲ ಬಿಲ್ಲನ್ನೂ ಡ್ರೈವಿಗೆ ಹಾಕಿ ಇಟ್ಟಿದ್ದೇನೆ, ಇನ್ನು ಸಾಫ್ಟ್‌ವೇರ್ ಯಾಕೆ’ ಎಂದು ಕೇಳುವುದುಂಟು. ಟ್ಯಾಲಿ ಹಾಕಿಸಿಕೊಂಡವರು ‘ಎಲ್ಲ ಅದರಲ್ಲೇ ಇದೆಯಲ್ಲ’ ಎಂದು ಮೂಲ ಬಿಲ್ಲುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವುದೂ ಉಂಟು. ಇಬ್ಬರಿಗೂ ತೊಂದರೆ ಬರುವುದು ಆಡಿಟರು ಕಾಗದ ಕೇಳಿದ ದಿನ.

ಯಾವುದರ ಕೆಲಸ ಯಾವುದು?

ಡ್ರೈವ್ ಬಿಲ್ಲನ್ನು ಇಟ್ಟುಕೊಳ್ಳುತ್ತದೆ, ಹುಡುಕಿ ಕೊಡುತ್ತದೆ, ಇನ್ನೊಬ್ಬರಿಗೆ ತಲುಪಿಸುತ್ತದೆ. ಆದರೆ 1,18,000 ರೂಪಾಯಿಯ ಬಿಲ್ಲಿನೊಳಗೆ 18,000 ರೂಪಾಯಿ ತೆರಿಗೆ ಇದೆ ಎಂಬುದನ್ನು ಖಾತೆಗೆ ಏರಿಸುವುದಿಲ್ಲ. ಆ ಬಿಲ್ಲಿನ ಹಣ ಬಂತೇ, ಅರ್ಧ ಬಂತೇ, ಗೋದಾಮಿನಲ್ಲಿ ಎಷ್ಟು ಮೂಟೆ ಉಳಿದಿದೆ ಎಂದು ಹೇಳುವ ಜವಾಬ್ದಾರಿಯೂ ಅದರದ್ದಲ್ಲ.

ಲೆಕ್ಕದ ತಂತ್ರಾಂಶದಲ್ಲಿ ಒಂದು ಮಾರಾಟವನ್ನು ಒಮ್ಮೆ ನಮೂದಿಸಿದರೆ ಅದು ಗಿರಾಕಿಯ ಖಾತೆಗೂ ಮಾರಾಟದ ಖಾತೆಗೂ ತೆರಿಗೆಯ ಖಾತೆಗೂ ದಾಸ್ತಾನಿಗೂ ಒಟ್ಟಿಗೆ ಹೋಗುತ್ತದೆ. ತಿಂಗಳ ಕೊನೆಗೆ ಜಿಎಸ್‌ಟಿ ರಿಟರ್ನಿಗೆ ಬೇಕಾದ ಪಟ್ಟಿ ಅಲ್ಲಿಂದಲೇ ಬರುತ್ತದೆ. ಓವರ್‌ಡ್ರಾಫ್ಟ್ ಕೊಟ್ಟ ಬ್ಯಾಂಕು ಕೇಳುವ ದಾಸ್ತಾನು ವಿವರಣೆಯೂ ಅಲ್ಲೇ ಸಿಗುತ್ತದೆ. ರಥಬೀದಿಯ ಹಳೆಯ ಅಂಗಡಿಗಳಲ್ಲಿ ದೀಪಾವಳಿಗೆ ಪೂಜೆಗಿಡುತ್ತಿದ್ದ ರೋಜು ಮತ್ತು ಖಾತೆ ಪುಸ್ತಕಗಳು ಮಾಡುತ್ತಿದ್ದುದೂ ಇದೇ ಕೆಲಸ. ಗುಮಾಸ್ತರು ರಾತ್ರಿ ಕೂತು ಕೂಡಿಸುತ್ತಿದ್ದುದನ್ನು ಯಂತ್ರ ಕ್ಷಣದಲ್ಲಿ ಕೂಡಿಸುತ್ತದೆ.

ದೇಶದಲ್ಲಿ ಮನೆಮಾತಾದ ಟ್ಯಾಲಿ ಇಂಥದ್ದೇ ಅಗತ್ಯದಿಂದ ಬೆಂಗಳೂರಿನಲ್ಲಿ ಹುಟ್ಟಿತು. ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರದ ಲೆಕ್ಕ ಇಡಲು ಒಪ್ಪುವ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಅವರಿಗೆ ಬರೆದುಕೊಡಲು ಹೇಳಿದರು. 1986ರಲ್ಲಿ ಶುರುವಾದ ಆ ಸಂಸ್ಥೆಯ ಮೊದಲ ಹೆಸರು ಪ್ಯೂಟ್ರಾನಿಕ್ಸ್. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಇವತ್ತು ಮಂಗಳೂರಿನ ಬಹುಪಾಲು ಆಡಿಟರುಗಳ ಕಚೇರಿಯಲ್ಲಿ ಟ್ಯಾಲಿ ಬಲ್ಲವರು ಇರುತ್ತಾರೆ. ತಂತ್ರಾಂಶ ಆರಿಸುವಾಗ ಇದೂ ಲೆಕ್ಕಕ್ಕೆ ಬರುವ ಸಂಗತಿ.

ಎಕ್ಸೆಲ್ ಸಾಕಾಗದೇ?

ಡ್ರೈವಿನಲ್ಲಿ ಒಂದು ಎಕ್ಸೆಲ್ ಹಾಳೆ ಇಟ್ಟುಕೊಂಡು ನಡೆಸುವವರು ಅನೇಕರಿದ್ದಾರೆ. ದಿನಕ್ಕೆ ನಾಲ್ಕಾರು ಬಿಲ್ಲು, ಉದ್ರಿ ಇಲ್ಲ, ಜಿಎಸ್‌ಟಿ ನೋಂದಣಿ ಇಲ್ಲ ಎಂದಾದರೆ ಅದು ಸಾಕು. ನೋಂದಣಿ ಆದ ಮೇಲೆ ಕಾನೂನು ಅಡ್ಡ ಬರುತ್ತದೆ. ಜಿಎಸ್‌ಟಿ ನಿಯಮ 56ರ ಪ್ರಕಾರ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವವರು ತಿದ್ದಿದ, ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯನ್ನೂ ಉಳಿಸಿಕೊಳ್ಳಬೇಕು. ಎಕ್ಸೆಲ್ಲಿನ ಒಂದು ಅಂಕಣದಲ್ಲಿ 5,400 ಇದ್ದದ್ದನ್ನು 4,500 ಮಾಡಿದರೆ ಯಾರು, ಯಾವಾಗ, ಯಾಕೆ ಎಂದು ವರ್ಷಗಳ ನಂತರ ತೋರಿಸುವುದು ಕಷ್ಟ.

ಖಾಸಗಿ ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ ನಿಯಮ ಇನ್ನೂ ಬಿಗಿ. ಅವರು ಬಳಸುವ ಲೆಕ್ಕದ ತಂತ್ರಾಂಶ 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯ ಜಾಡನ್ನು ದಿನಾಂಕ ಸಹಿತ ಉಳಿಸಲೇಬೇಕು, ಆ ಸೌಲಭ್ಯವನ್ನು ಆಫ್ ಮಾಡಿಡಲು ಬರಬಾರದು. ಟ್ಯಾಲಿಪ್ರೈಮ್‌ನಲ್ಲಿ ಇದಕ್ಕೆಂದೇ ‘ಎಡಿಟ್ ಲಾಗ್’ ಆವೃತ್ತಿ ಇದೆ. ಒಬ್ಬರೇ ಮಾಲೀಕರ ಅಂಗಡಿಗೆ, ಪಾಲುದಾರಿಕೆ ಸಂಸ್ಥೆಗೆ ಕಂಪನಿ ಕಾಯಿದೆಯ ಈ ನಿಯಮ ಅನ್ವಯಿಸುವುದಿಲ್ಲ.

ಇನ್ನೊಂದು ತೊಡಕು ತೆರಿಗೆಯ ದರ ಬದಲಾದಾಗಿನದು. 2025ರ ಸೆಪ್ಟೆಂಬರ್ 22ರಂದು ಐಸ್‌ಕ್ರೀಮಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು, ಸಿಮೆಂಟಿನದು ಶೇ 28ರಿಂದ ಶೇ 18ಕ್ಕೆ. ಐಸ್‌ಕ್ರೀಮಿಗೆ ಹೆಸರಾದ ಮಂಗಳೂರಿನಲ್ಲಿ ಇದರ ಪರಿಣಾಮ ಅದೇ ದಿನದ ಬಿಲ್ಲಿನಲ್ಲಿ ಕಾಣಬೇಕು. 21ರ ರಾತ್ರಿಯ ಮಾರಾಟಕ್ಕೆ ಒಂದು ದರ, 22ರ ಬೆಳಗಿನ ಮಾರಾಟಕ್ಕೆ ಇನ್ನೊಂದು. ಶೇ 18 ತೆರಿಗೆ ಕೊಟ್ಟು ತಂದ ಹಳೆ ದಾಸ್ತಾನು ಶೇ 5ರಲ್ಲಿ ಮಾರಾಟವಾಗಬೇಕು. ಲೆಕ್ಕದ ತಂತ್ರಾಂಶದಲ್ಲಿ ‘ಈ ದಿನಾಂಕದಿಂದ ಈ ದರ’ ಎಂದು ಒಮ್ಮೆ ಕೊಟ್ಟರೆ ಮುಗಿಯಿತು. ಎಕ್ಸೆಲ್ಲಿನಲ್ಲಿ ಸೂತ್ರ ಬದಲಿಸಿದರೆ ಹಳೆಯ ಬಿಲ್ಲುಗಳ ಅಂಕಿಯೂ ಜತೆಗೆ ಬದಲಾಗಿ ಕೂರುವ ಅಪಾಯ ಇದೆ.

ವರ್ಷದ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗಂತೂ ಆಯ್ಕೆಯ ಪ್ರಶ್ನೆಯೇ ಉಳಿದಿಲ್ಲ. 2020ರ ಅಕ್ಟೋಬರಿನಲ್ಲಿ 500 ಕೋಟಿಯವರಿಂದ ಶುರುವಾದ ಇ-ಇನ್‌ವಾಯ್ಸ್ 2023ರ ಆಗಸ್ಟ್ 1ರಿಂದ 5 ಕೋಟಿಯವರೆಗೆ ಇಳಿದು ಬಂದಿದೆ. ನೋಂದಾಯಿತ ವ್ಯಾಪಾರಿಗೆ ಮಾಡುವ ಪ್ರತಿ ಬಿಲ್ಲೂ ಸರ್ಕಾರದ ಪೋರ್ಟಲ್ಲಿಗೆ ಹೋಗಿ, ಸಂಖ್ಯೆ ಮತ್ತು ಕ್ಯುಆರ್ ಕೋಡ್ ಪಡೆದು ಬರಬೇಕು. ದಿನಕ್ಕೆ ಐವತ್ತು ಬಿಲ್ಲು ಮಾಡುವವರು ಇದನ್ನು ಕೈಯಲ್ಲಿ ಮಾಡಿ ಪೂರೈಸುವುದು ಸಾಧ್ಯವಿಲ್ಲದ ಮಾತು.

ಯುಪಿಐ ನೋಟಿಸಿನ ಪಾಠ

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಅಂಕಿಅಂಶ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ ಸುಮಾರು 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕೇಳಿದ ನೋಟಿಸ್ ದೊಡ್ಡ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನಲ್ಲಿ ಹಲವು ಅಂಗಡಿಗಳವರು ಕ್ಯುಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದರು. ವಿನಾಯಿತಿ ಇರುವ ಸರಕು ಮಾರುವವರು ತೆರಿಗೆ ಕೊಡಬೇಕಿಲ್ಲ ಎಂದು ಸರ್ಕಾರ ನಂತರ ಸ್ಪಷ್ಟಪಡಿಸಿತು.

ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣುವುದು ಬಂದ ಮೊತ್ತ ಮಾತ್ರ. ಅದರಲ್ಲಿ ಹಾಲಿನ ದುಡ್ಡೆಷ್ಟು, ಬಿಸ್ಕತ್ತಿನ ದುಡ್ಡೆಷ್ಟು, ತಮ್ಮ ವಾಪಸು ಕೊಟ್ಟ ಕೈಸಾಲವೆಷ್ಟು ಎಂದು ಬಿಡಿಸಿ ಹೇಳಬೇಕಾದವರು ಅಂಗಡಿಯವರೇ. ದಿನದ ಮಾರಾಟವನ್ನು ‘ತೆರಿಗೆ ಉಳ್ಳದ್ದು’, ‘ತೆರಿಗೆ ಇಲ್ಲದ್ದು’ ಎಂದು ಬೇರೆ ಬೇರೆ ಬರೆದಿಟ್ಟವರಿಗೆ ಉತ್ತರ ಬರೆಯುವುದು ಅರ್ಧ ದಿನದ ಕೆಲಸ. ಡ್ರೈವಿನಲ್ಲಿ ಯುಪಿಐ ಸ್ಕ್ರೀನ್‌ಶಾಟುಗಳ ರಾಶಿ ಹಾಕಿದವರಿಗೆ ಆ ಅನುಕೂಲ ಇಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ಎಂಬ ನೋಂದಣಿ ಮಿತಿಯ ಹತ್ತಿರ ಇರುವವರು ನೋಂದಣಿಗೆ ಮುಂಚೆಯೇ ಈ ವಿಂಗಡಣೆ ಶುರು ಮಾಡುವುದು ಒಳ್ಳೆಯದು.

ಕಸುಬು ನೋಡಿ ಆಯ್ಕೆ

*ದಕ್ಕೆಯ ಮೀನು ವ್ಯಾಪಾರ.* ತಾಜಾ ಮೀನಿಗೆ ತೆರಿಗೆ ಇಲ್ಲ. ಅದನ್ನಷ್ಟೇ ಮಾರುವವರಿಗೆ ಜಿಎಸ್‌ಟಿ ನೋಂದಣಿಯೂ ಬೇಕಿಲ್ಲ. ಇಲ್ಲಿನ ತಲೆನೋವು ಬಾಕಿಯದು: ಬೋಟಿನವರಿಗೆ ಕೊಟ್ಟ ಮುಂಗಡ, ಹೊರ ಊರಿನ ಖರೀದಿದಾರರಿಂದ ಬರಬೇಕಾದ್ದು. ದೊಡ್ಡ ತಂತ್ರಾಂಶದ ಬದಲು ಬಾಕಿ ಬರೆದುಕೊಂಡು ನೆನಪಿಸುವ ಮೊಬೈಲ್ ಆ್ಯಪ್ ಸಾಕು. ಐಸ್ ಪ್ಲಾಂಟ್ ಇಟ್ಟವರ, ಹೆಪ್ಪುಗಟ್ಟಿಸಿದ ಮೀನನ್ನು ಲೇಬಲ್ ಹಚ್ಚಿ ಮಾರುವವರ ಕಥೆ ಬೇರೆ. ಅಲ್ಲಿ ಶೇ 5 ತೆರಿಗೆ ಬರುವುದರಿಂದ ಪೂರ್ಣ ಪ್ರಮಾಣದ ಲೆಕ್ಕ ಬೇಕು.

*ಗೇರುಬೀಜದ ಕಾರ್ಖಾನೆ.* ಕೃಷಿಕರಿಂದ ಹಸಿ ಗೇರುಬೀಜ ಕೊಂಡರೆ ತೆರಿಗೆ ಕಟ್ಟಬೇಕಾದವರು ಮಾರಿದವರಲ್ಲ, ಕೊಂಡ ನೋಂದಾಯಿತ ಕಾರ್ಖಾನೆಯವರು. ಇದು ರಿವರ್ಸ್ ಚಾರ್ಜ್. ಕೃಷಿಕರು ಬಿಲ್ ಕೊಡುವುದಿಲ್ಲವಾದ್ದರಿಂದ ಕೊಂಡವರೇ ತಮ್ಮ ಹೆಸರಿಗೆ ಬಿಲ್ ಬರೆದುಕೊಳ್ಳಬೇಕು, ತೆರಿಗೆಯನ್ನು ನಗದು ಖಾತೆಯಿಂದ ಕಟ್ಟಿ ಆಮೇಲೆ ಕ್ರೆಡಿಟ್ ಪಡೆಯಬೇಕು. 2024ರ ನವೆಂಬರ್ 1ರಿಂದ ಆ ಸ್ವಂತ ಬಿಲ್ಲಿಗೆ 30 ದಿನಗಳ ಗಡುವು ಇದೆ. ಬೀಡಿ ಎಲೆಯ ಖರೀದಿಗೂ ಇದೇ ಕ್ರಮ. ಆಫ್ರಿಕಾದಿಂದ ಹಡಗಿನಲ್ಲಿ ಬರುವ ಬೀಜಕ್ಕಾದರೆ ಕಸ್ಟಮ್ಸ್ ದಾಖಲೆ, ಐಜಿಎಸ್‌ಟಿ. ಇಂಥ ಕಡೆ ಅಗ್ಗದ ಬಿಲ್ಲಿಂಗ್ ಆ್ಯಪ್ ಕೊಂಡರೆ ವರ್ಷದೊಳಗೆ ಬದಲಿಸಬೇಕಾಗುತ್ತದೆ. ರಿವರ್ಸ್ ಚಾರ್ಜ್ ನಮೂದು, ಬ್ಯಾಚ್ ಪ್ರಕಾರ ದಾಸ್ತಾನು ಎರಡೂ ಇರುವ ತಂತ್ರಾಂಶವೇ ಬೇಕು.

*ಬೈಕಂಪಾಡಿಯ ಸಣ್ಣ ಕೈಗಾರಿಕೆ, ಬಂದರಿನ ರಖಂ ಅಂಗಡಿ.* ಇವರಿಗೆ ಉದ್ರಿಯ ವಯಸ್ಸು ತಿಳಿಯುವುದು ಮುಖ್ಯ. ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಂದ ಸರಕು ಕೊಂಡು ಲಿಖಿತ ಒಪ್ಪಂದ ಇದ್ದಲ್ಲಿ ಗರಿಷ್ಠ 45 ದಿನ, ಇಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಕೊಡದಿದ್ದರೆ, ಆ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಕಳೆಯಲು ನಿಜವಾಗಿ ಹಣ ಕೊಟ್ಟ ವರ್ಷದವರೆಗೆ ಕಾಯಬೇಕು. 2023-24ನೇ ಹಣಕಾಸು ವರ್ಷದಿಂದ ಬಂದ ನಿಯಮ ಇದು. ಯಾರ ಬಿಲ್ಲು ಎಷ್ಟು ದಿನ ಹಳೆಯದು ಎಂಬ ಪಟ್ಟಿ ತಂತ್ರಾಂಶದಲ್ಲಿ ತಕ್ಷಣ ಸಿಗುತ್ತದೆ.

*ಮದುವೆ ಫೊಟೊಗ್ರಫಿ, ವಾಸ್ತುಶಿಲ್ಪಿ, ವಿನ್ಯಾಸಕಾರರು.* ಇಲ್ಲಿ ಕಡತವೇ ಸರಕು. ಒಂದು ಮದುವೆಯ ವಿಡಿಯೊ ನೂರಾರು ಜಿಬಿ ಆಗುತ್ತದೆ. ತಿಂಗಳಿಗೆ ಬರೆಯುವ ಬಿಲ್ಲು ಬೆರಳೆಣಿಕೆ. ವರ್ಷದ ಆದಾಯ 20 ಲಕ್ಷದ ಒಳಗಿದ್ದರೆ ಲೆಕ್ಕಕ್ಕೆ ಎಕ್ಸೆಲ್ ಸಾಕು. ಮೊದಲ ದುಡ್ಡು ಹೋಗಬೇಕಾದದ್ದು ದೊಡ್ಡ ಸಂಗ್ರಹಕ್ಕೆ: ಕಚೇರಿಯಲ್ಲಿ ಎರಡು ಹಾರ್ಡ್‌ಡಿಸ್ಕ್, ಹೊರಗೆ ಒಂದು ಕ್ಲೌಡ್ ಪ್ರತಿ.

ಡ್ರೈವ್ ಮತ್ತು ಟ್ಯಾಲಿ ಕೂಡುವಲ್ಲಿ ಎಚ್ಚರ

ಪೇಟೆಯಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಒಂದಿದೆ. ಕಂಪ್ಯೂಟರ್ ಕೆಟ್ಟರೂ ಲೆಕ್ಕ ಉಳಿಯಲಿ ಎಂದು ಟ್ಯಾಲಿಯ ಚಾಲ್ತಿ ಡೇಟಾ ಫೋಲ್ಡರನ್ನೇ ಡ್ರೈವಿನ ಸಿಂಕ್ ಆಗುವ ಫೋಲ್ಡರಿನೊಳಗೆ ಇಡುತ್ತಾರೆ. ಟ್ಯಾಲಿ ಆ ಕಡತಗಳಿಗೆ ಬರೆಯುತ್ತಿರುವಾಗಲೇ ಡ್ರೈವ್ ಅವನ್ನು ನಕಲು ಮಾಡತೊಡಗುತ್ತದೆ. ಎರಡು ಕಡೆ ಇಬ್ಬರು ತೆರೆದರೆ ಒಂದೇ ಕಡತಕ್ಕೆ ಎರಡು ಪ್ರತಿ ಹುಟ್ಟಿ, ಯಾವುದು ನಿಜವೆಂದು ತಿಳಿಯದೆ ಡೇಟಾ ಕೆಡುತ್ತದೆ. ಚಾಲ್ತಿ ಡೇಟಾ ಕಂಪ್ಯೂಟರಿನ ಡಿಸ್ಕಿನಲ್ಲೇ ಇರಲಿ. ಸಂಜೆ ಅಂಗಡಿ ಮುಚ್ಚುವಾಗ ಟ್ಯಾಲಿಯ ಬ್ಯಾಕಪ್ ಆಯ್ಕೆಯಿಂದ ತೆಗೆದ ಪ್ರತಿಯನ್ನು, ಹೆಸರಿಗೆ ದಿನಾಂಕ ಸೇರಿಸಿ, ಡ್ರೈವಿಗೆ ಕಳಿಸಲಿ. ಮನೆಯಿಂದಲೂ ಅಂಗಡಿಯಿಂದಲೂ ಲೆಕ್ಕ ಬರೆಯಬೇಕೆಂದರೆ ಜೋಹೋ ಬುಕ್ಸಿನಂತೆ ಕ್ಲೌಡಿನಲ್ಲೇ ನಡೆಯುವ ತಂತ್ರಾಂಶ ಕೊಳ್ಳುವುದು ಸರಿಯಾದ ದಾರಿ.

ಬ್ಯಾಕಪ್ ಕೂಡ ಕಾನೂನಿನ ಮಾತೇ. ಅಪಘಾತದಲ್ಲೋ ಪ್ರಕೃತಿ ವಿಕೋಪದಲ್ಲೋ ದಾಖಲೆ ನಾಶವಾದರೆ ಸಕಾಲದಲ್ಲಿ ಮತ್ತೆ ಪಡೆಯುವಂತೆ ವಿದ್ಯುನ್ಮಾನ ಪ್ರತಿ ಇರಬೇಕೆಂದು ಜಿಎಸ್‌ಟಿ ನಿಯಮ 57 ಹೇಳುತ್ತದೆ. 2018ರ ಮೇ 29ರ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳ ಮನೆ, ಅಂಗಡಿಗಳಿಗೆ ನೀರು ನುಗ್ಗಿದ್ದನ್ನು ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಜಿನ ಕೆಳಗಿನ ಕಂಪ್ಯೂಟರು, ಅದರ ಪಕ್ಕದಲ್ಲೇ ಬ್ಯಾಕಪ್ ಪೆನ್‌ಡ್ರೈವು ಇದ್ದರೆ ಎರಡೂ ಒಟ್ಟಿಗೆ ಒದ್ದೆಯಾಗುತ್ತವೆ.

ಡ್ರೈವಿನಲ್ಲಿ ಇದ್ದರೆ ಶಾಶ್ವತ ಎಂದೂ ಅಲ್ಲ. ಗೂಗಲ್ ಡ್ರೈವಿನಲ್ಲಿ ಅಳಿಸಿದ ಕಡತ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಇರುತ್ತದೆ. ಕಂಪ್ಯೂಟರಿಗೆ ರಾನ್ಸಮ್‌ವೇರ್ ಹೊಕ್ಕು ಕಡತಗಳಿಗೆ ಬೀಗ ಹಾಕಿದರೆ ಸಿಂಕ್ ಆಗುವ ಫೋಲ್ಡರಿನಲ್ಲಿರುವ ಪ್ರತಿಯೂ ಹಾಗೆಯೇ ಕೆಡುತ್ತದೆ. ತಿಂಗಳಿಗೊಮ್ಮೆ ಬೇರೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ತಂತಿ ಬಿಚ್ಚಿ ಮನೆಯಲ್ಲಿಡುವುದು ಇದಕ್ಕೆ ಉಪಾಯ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು.

ಉಚಿತ ಜಾಗದ ಮಿತಿ ಡ್ರೈವಿಗೆ 15 ಜಿಬಿ, ಒನ್‌ಡ್ರೈವಿಗೆ 5 ಜಿಬಿ, ಡ್ರಾಪ್‌ಬಾಕ್ಸಿಗೆ 2 ಜಿಬಿ. ಗೂಗಲ್ಲಿನ 15 ಜಿಬಿಯಲ್ಲಿ ಜಿಮೇಲ್, ಫೋಟೊಸ್, ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲಕ್ಕೂ ಪಾಲಿದೆ. ಕುಟುಂಬದ ಫೋಟೊಗಳಿಂದ ಜಾಗ ತುಂಬಿದರೆ ಜಿಮೇಲಿಗೆ ಪತ್ರ ಬರುವುದೂ ನಿಲ್ಲುತ್ತದೆ. ವ್ಯಾಪಾರಕ್ಕೆ ಪ್ರತ್ಯೇಕ ಜಿಮೇಲ್ ಖಾತೆ ಮಾಡಿದರೆ ಆ ತೊಂದರೆ ಇಲ್ಲ. ಪಿಡಿಎಫ್ ಬಿಲ್ಲುಗಳಷ್ಟೇ ಆದರೆ ಸಣ್ಣ ಅಂಗಡಿಗೆ ಉಚಿತ ಜಾಗವೇ ಹಲವು ವರ್ಷ ಸಾಕು.

ಕೊಳ್ಳುವ ಮೊದಲು ಕೇಳಿ

1. ಖಾತೆ ಯಾರ ಹೆಸರಿನಲ್ಲಿದೆ? ಡ್ರೈವಿನ ಖಾತೆ ಅಕೌಂಟೆಂಟಿನ ವೈಯಕ್ತಿಕ ಜಿಮೇಲಿನಲ್ಲಿದ್ದರೆ ಅವರು ಕೆಲಸ ಬಿಟ್ಟ ದಿನ ಕಡತಗಳೂ ಅವರ ಬಳಿ ಉಳಿಯುತ್ತವೆ. ಜಿಎಸ್‌ಟಿ ಪೋರ್ಟಲ್ಲಿನ ಇಮೇಲ್, ಮೊಬೈಲ್ ಸಂಖ್ಯೆಗೂ ಇದೇ ಮಾತು. ಮಾಲೀಕರ ಹೆಸರಲ್ಲಿ ಮಾಡಿ, ಎರಡು ಹಂತದ ದೃಢೀಕರಣ ಹಾಕಿ.

2. ಆಡಿಟರು ಯಾವುದನ್ನು ಬಳಸುತ್ತಾರೆ? ಅವರ ತಂತ್ರಾಂಶಕ್ಕೆ ಡೇಟಾ ಹೋಗದಿದ್ದರೆ ವರ್ಷಾಂತ್ಯದಲ್ಲಿ ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ.

3. ಒಮ್ಮೆ ಕೊಟ್ಟರೆ ಮುಗಿಯಿತೇ, ವರ್ಷ ವರ್ಷ ಕೊಡಬೇಕೇ? ಟ್ಯಾಲಿಯ ಶಾಶ್ವತ ಪರವಾನಗಿ ಕೊಂಡವರೂ ಹೊಸ ಆವೃತ್ತಿ ಬೇಕಿದ್ದರೆ ಟಿಎಸ್‌ಎಸ್ ಎಂಬ ಚಂದಾವನ್ನು ನವೀಕರಿಸಬೇಕು. ಕ್ಲೌಡ್ ತಂತ್ರಾಂಶಗಳು ಚಂದಾದ ಮೇಲೆ ನಡೆಯುತ್ತವೆ. ಚಂದಾ ನಿಂತ ಮೇಲೆ ಹಳೆಯ ಲೆಕ್ಕ ಓದಲು ಬಿಡುತ್ತಾರೆಯೇ ಎಂದು ಬರಹದಲ್ಲಿ ಕೇಳಿ.

4. ಇಂಟರ್‌ನೆಟ್ ಇಲ್ಲದಾಗ ಬಿಲ್ ಆಗುತ್ತದೆಯೇ? ಮಳೆಗಾಲದ ಮಂಗಳೂರಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

5. ಡೇಟಾ ಹೊರತೆಗೆಯಬಹುದೇ? ಖಾತೆ, ದಾಸ್ತಾನು, ಬಿಲ್ಲುಗಳ ಪಟ್ಟಿ ಎಕ್ಸೆಲ್ಲಿಗೆ ಬರದ ತಂತ್ರಾಂಶವನ್ನು ಕೊಳ್ಳಬೇಡಿ.

ಕೊಳ್ಳುವ ಮುನ್ನ ಬಳಸಿ ನೋಡುವ ದಾರಿಯೂ ಇದೆ. ಪರವಾನಗಿ ಇಲ್ಲದ ಟ್ಯಾಲಿ ‘ಎಜುಕೇಷನ್’ ರೂಪದಲ್ಲಿ ನಡೆಯುತ್ತದೆ. ತಿಂಗಳ ಕೆಲವೇ ದಿನಾಂಕಗಳಿಗೆ ಮಾತ್ರ ನಮೂದು ಹಾಕಬಹುದು. ನಿಮ್ಮದೇ ಹತ್ತು ಹಳೆಯ ಬಿಲ್ಲು ಹಾಕಿ, ಒಂದು ಕಾಸರಗೋಡಿನ ಗಿರಾಕಿಯದೂ ಇರಲಿ, ಫಲಿತಾಂಶ ನೋಡಿ.

ಹಾಗಾದರೆ ಮೊದಲು ಯಾವುದು?

ಜಿಎಸ್‌ಟಿ ನೋಂದಣಿ ಆಗಿದೆ, ಅಥವಾ ಉದ್ರಿ ಕೊಡುತ್ತೀರಿ, ಅಥವಾ ನೂರಕ್ಕಿಂತ ಹೆಚ್ಚು ಬಗೆಯ ಸರಕು ಇದೆ ಎಂದರೆ ಮೊದಲ ದುಡ್ಡು ಲೆಕ್ಕದ ತಂತ್ರಾಂಶಕ್ಕೆ. ಕಡತಕ್ಕೆ ಸದ್ಯ ಉಚಿತ ಡ್ರೈವ್ ಸಾಕು. ನೋಂದಣಿ ಇಲ್ಲ, ಬಿಲ್ಲು ಕಡಿಮೆ, ಚಿತ್ರ ಅಥವಾ ನಕ್ಷೆಯೇ ಬಂಡವಾಳ ಎಂದರೆ ಮೊದಲು ಸಂಗ್ರಹಕ್ಕೆ ಹಾಕಿ.

ತಂತ್ರಾಂಶ ಬಂದ ಮೇಲೂ ಖರೀದಿ ಬಿಲ್ಲುಗಳನ್ನು ಸ್ಕ್ಯಾನ್ ಮಾಡುವುದನ್ನು ನಿಲ್ಲಿಸಬೇಡಿ. ಥರ್ಮಲ್ ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಮಾಸುತ್ತದೆ, ಕರಾವಳಿಯ ತೇವಕ್ಕೆ ಉಳಿದ ಕಾಗದಕ್ಕೂ ಬೂಸಲು ಹಿಡಿಯುತ್ತದೆ. ಹಣಕಾಸು ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ತಿಂಗಳು, ಕಡತದ ಹೆಸರಲ್ಲಿ ದಿನಾಂಕ, ಮಾರಿದವರ ಹೆಸರು, ಬಿಲ್ ಸಂಖ್ಯೆ ಇಷ್ಟಿದ್ದರೆ ಹುಡುಕುವುದು ಸುಲಭ. ಜಿಎಸ್‌ಟಿ ಕಾಯಿದೆಯ ಪ್ರಕಾರ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಮೇಲ್ಮನವಿ, ತನಿಖೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ. ಕಂಪನಿಗಳು ಲೆಕ್ಕಪುಸ್ತಕವನ್ನು ಎಂಟು ವರ್ಷ ಇಡಬೇಕು. 2024-25ರ ವಾರ್ಷಿಕ ರಿಟರ್ನಿಗೆ ಕಾಯಿದೆ ಹೇಳುವ ಗಡುವು 2025ರ ಡಿಸೆಂಬರ್ 31. ಆ ವರ್ಷದ ಬಿಲ್ಲುಗಳನ್ನು 2031ರ ಡಿಸೆಂಬರ್ 31ರವರೆಗೆ ಅಳಿಸಬೇಡಿ.